ಶೂ ಕಿತ್ತುಹೋಗಿದ್ದನ್ನೂ ಬರೀಬಹುದಾ?

“ನಾವು ಶಾಲೆಯಿಂದ ಚಿತ್ರದುರ್ಗಕ್ಕೆ ಪ್ರವಾಸ ಹೋದೆವು. ಬಸ್ಸಿನಲ್ಲಿ ಹೋದೆವು. ಕೋಟೆ ನೋಡಿದೆವು. ಓಬವ್ವನ ಕಿಂಡಿ ನೋಡಿದೆವು. ಊಟ ಮಾಡಿದೆವು. ಚಂದ್ರವಳ್ಳಿ ನೋಡಿದೆವು. ಸಂಜೆ ಮನೆಗೆ ಬಂದೆವು. ಪ್ರವಾಸವು ತುಂಬಾ ಚೆನ್ನಾಗಿತ್ತು. ಇದು ನನ್ನ ಮರೆಯಲಾಗದ ಪ್ರವಾಸ.”

ಐದನೇ ಕ್ಲಾಸಿನ ನಮ್ಮ ಹುಡುಗ ಬರೆದ ಪ್ರಬಂಧ ಇದು. ಎರಡು ಪುಟ ಬರೆಯಿರಿ, ಮುಂದಿನ ಸೋಮವಾರ ತನ್ನಿ ಅಂತ ಮಿಸ್ ಹೇಳಿದ್ದರು. ಇವನು ಒಂಬತ್ತು ವಾಕ್ಯ ಬರೆದು, ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು, ಪೆನ್ನಿಗೆ ಕ್ಯಾಪ್ ಹಾಕಿ ಎದ್ದುಬಿಟ್ಟಿದ್ದ.

“ಮುಗೀತಾ?” ಅಂದೆ.

“ಹೂಂ. ಎಲ್ಲಾ ಬಂತಲ್ಲ?”

ನೋಡಿದರೆ ಹೌದು, ಎಲ್ಲಾ ಬಂದಿತ್ತು. ಬಸ್ಸು, ಕೋಟೆ, ಊಟ, ಮನೆ. ಇವನು ಮಾತ್ರ ಎಲ್ಲೂ ಇರಲಿಲ್ಲ.

ನಾನು ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತೇನೆ. ಹದಿಮೂರು ವರ್ಷವಾಯಿತು. ಲಗ್ನಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆ, ಅಂಗಡಿಗಳ ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು. ಲಗ್ನಪತ್ರಿಕೆಗೆ ನಮ್ಮ ಕಂಪ್ಯೂಟರಿನಲ್ಲಿ ಹಳೇ ಫೈಲುಗಳಿವೆ. ಹೆಸರು, ತಾರೀಖು, ಛತ್ರ ಬದಲಾಯಿಸಿದರೆ ಕೆಲಸ ಮುಗಿಯಿತು. “ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ” ಅನ್ನುವುದನ್ನು ನಾನು ಈಗ ಓದುವುದೂ ಇಲ್ಲ. ಹುಡುಗನ ಪ್ರಬಂಧ ನೋಡಿದಾಗ ನನಗೆ ಅನಿಸಿದ್ದು ಅದೇ. ಇದು ಹಳೇ ಫೈಲು, ಊರಿನ ಹೆಸರು ಬದಲಾಯಿಸಿದ್ದಾನೆ ಅಷ್ಟೇ. ಮೂರನೇ ಕ್ಲಾಸಿನಲ್ಲಿ ಹರಿಹರಕ್ಕೆ ಹೋಗಿ ಬಂದಾಗ ಬರೆದ ನೋಟ್‌ಬುಕ್ ಅಟ್ಟದ ಮೇಲಿತ್ತು. ತೆಗೆದು ನೋಡಿದೆ. ಅಲ್ಲೂ ಕೊನೆಯ ಸಾಲು ಮರೆಯಲಾಗದ ಪ್ರವಾಸವೇ. ನನ್ನ ಕಾಲದ ನೋಟ್‌ಬುಕ್ ಇದ್ದಿದ್ದರೆ ಅದರಲ್ಲೂ ಅದೇ ಇರುತ್ತಿತ್ತು, ಬಿಡಿ.

ಆದರೆ ಪ್ರವಾಸದಿಂದ ಬಂದ ಶನಿವಾರ ರಾತ್ರಿ ಇವನು ಮಾತಾಡಿದ್ದೇ ಬೇರೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ನಮ್ಮ ಅತ್ತೆಯ ಮುಂದೆ ತಟ್ಟೆ ಇಟ್ಟುಕೊಂಡು ಕೂತಿದ್ದ. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ, ಮಾತೇ ಬರುತ್ತಿತ್ತು.

“ಅಜ್ಜಿ, ನನ್ನ ಶೂ ಬಾಯಿ ಬಿಡ್ತು! ಮೊಸಳೆ ಥರ! ಮೆಟ್ಲು ಹತ್ತುವಾಗ ಟಪ್ ಟಪ್ ಟಪ್ ಅಂತ!”

ಕೋಟೆಯ ಮೆಟ್ಟಿಲ ಮೇಲೆ ಬಲಗಾಲಿನ ಶೂ ಸೋಲ್ ಮುಂದಿನಿಂದ ಕಿತ್ತುಕೊಂಡಿದೆ. ಹುಡುಗರೆಲ್ಲ ನಕ್ಕಿದ್ದಾರೆ. ಇವನು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆದಿದ್ದಾನೆ. ಬಂಡೆ ಕಾದಿತ್ತು. ಪಿ.ಟಿ. ಸರ್ ದಾರ ಹುಡುಕಿದ್ದಾರೆ, ಸಿಕ್ಕಿಲ್ಲ. ಕೊನೆಗೆ ಕ್ಲಾಸಿನ ಒಬ್ಬ ಹುಡುಗಿ ತನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಕೊಟ್ಟಿದ್ದಾಳೆ. ಸರ್ ಅದರಲ್ಲೇ ಶೂ ಕಟ್ಟಿದ್ದಾರೆ. ಏಳು ಸುತ್ತಿನ ಕೋಟೆಯನ್ನು ಇವನು ಕಾಲಿಗೆ ಕೆಂಪು ಹೂವಿನಂಥ ಗಂಟು ಕಟ್ಟಿಕೊಂಡು ಸುತ್ತಿದ್ದಾನೆ. ಇನ್ನು ಓಬವ್ವನ ಕಿಂಡಿಯಲ್ಲಿ ನುಸುಳುವಾಗ ಶೂ ಕಾಲಿನಿಂದ ಜಾರಿ ಹಿಂದೆಯೇ ಉಳಿದುಬಿಟ್ಟಿತು. ಅದು ಹಿಂದಿನ ಹುಡುಗರ ಕೈಯಿಂದ ಕೈಗೆ ದಾಟಿ, ಇವನು ಹೊರಗೆ ಬಂದ ಮೇಲೆ ಬಂತು.

ಇಷ್ಟೆಲ್ಲ ಆಗಿದೆ. ಪ್ರಬಂಧದಲ್ಲಿ “ಓಬವ್ವನ ಕಿಂಡಿ ನೋಡಿದೆವು”.

“ಶೂ ಕಥೆ ಯಾಕೆ ಬರೀಲಿಲ್ಲ?” ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

“ಅದನ್ನೂ ಬರೀಬಹುದಾ? ಅದು ಕೋಟೆ ಅಲ್ವಲ್ಲ, ಶೂ.”

ಇದನ್ನು ಕೇಳಿದ ಮೇಲಾದರೂ ನಾನು ಸರಿಯಾದ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮೊದಲು ಮಾಡಿದ ಕೆಲಸ ಅಂದರೆ, ನಾನೇ ಒಂದು ಪೀಠಿಕೆ ಬರೆದುಕೊಟ್ಟೆ. ಬೆರಳಿಗೆ ಅಭ್ಯಾಸವಾದ ಭಾಷೆ ಅಲ್ವಾ, ಸಲೀಸಾಗಿ ಬಂತು. “ಬಾನೆತ್ತರಕ್ಕೆ ತಲೆ ಎತ್ತಿ ನಿಂತಿರುವ ಚಿತ್ರದುರ್ಗದ ಕಲ್ಲಿನ ಕೋಟೆಯು ನಮ್ಮ ನಾಡಿನ ಗತವೈಭವಕ್ಕೆ ಸಾಕ್ಷಿಯಾಗಿದೆ.” ಇವನು ಕಾಪಿ ಮಾಡುತ್ತಾ ಮಾಡುತ್ತಾ ನಿಲ್ಲಿಸಿದ.

“ಗತವೈಭವ ಅಂದ್ರೇನು?”

“ಅಂದ್ರೆ... ಹಿಂದೆ ಎಲ್ಲಾ ಚೆನ್ನಾಗಿತ್ತು ಅಂತ.”

“ಹಂಗಾದ್ರೆ ನಾನು ಬರ್ದಿದ್ದೀನಲ್ಲ, ಚೆನ್ನಾಗಿತ್ತು ಅಂತ.”

ಆ ಹಾಳೆ ಹರಿದು ಹಾಕಿದೆ.

ಮಂಗಳವಾರ ಸಂಜೆ ಇನ್ನೊಂದು ಪ್ರಯತ್ನ. ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದೆ. ಎಷ್ಟು ಬಾಗಿಲು ದಾಟಿದಿರಿ? ಗೋಡೆ ಹೇಗಿತ್ತು? ಗೈಡ್ ಏನು ಹೇಳಿದರು? ಹೊಂಡದಲ್ಲಿ ನೀರಿತ್ತಾ? ಅವನದು ಎರಡೇ ಉತ್ತರ. ಒಂದು “ದೊಡ್ಡದಿತ್ತು”, ಇನ್ನೊಂದು “ಗೊತ್ತಿಲ್ಲ”. ನನ್ನ ದನಿ ಏರಿತು, ಅವನ ಕಣ್ಣು ತುಂಬಿತು. ಅತ್ತೆ ಟಿವಿ ಸೌಂಡು ಕಡಿಮೆ ಮಾಡಿ, “ಪೊಲೀಸ್ನೋರು ಕೇಳ್ದಂಗೆ ಕೇಳ್ತೀಯಲ್ಲವ್ವಾ, ಹುಡುಗ ಏನು ಕಳ್ತನ ಮಾಡ್ಯಾನಾ?” ಅಂದರು.

ಅತ್ತೆಯ ತವರು ಭರಮಸಾಗರದ ಕಡೆ. ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ ಹುಡುಗನ ಬಾಯಿ ಬಿಡಿಸುವುದು ಅವರಿಗೆ ಗೊತ್ತು. ಹೇಗೆ ಅಂತ ಬುಧವಾರ ಗಮನ ಇಟ್ಟು ಕೇಳಿದೆ. ಅವರು ಪ್ರಶ್ನೆಯನ್ನೇ ಕೇಳುವುದಿಲ್ಲ. ಅವನು ಹೇಳಿದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡು ತಪ್ಪಾಗಿ ತಿರುಗಿಸಿ ಹೇಳುತ್ತಾರೆ. “ಓಹೋ, ನಿಮ್ಮ ಮಿಸ್ಸು ರಿಬ್ಬನ್ ಕೊಟ್ರಾ?” ಅಂದರೆ ಸಾಕು. “ಅಲ್ಲಜ್ಜೀ! ಮಿಸ್ ಎಲ್ಲಿ ರಿಬ್ಬನ್ ಹಾಕ್ತಾರೆ?” ಅಂತ ಶುರುವಾಗಿ, ಯಾರ ರಿಬ್ಬನ್, ಯಾವ ಜಡೆ, ಬಿಚ್ಚಿದ ಮೇಲೆ ಅವಳ ಜಡೆ ಹೇಗೆ ಕೆದರಿಹೋಯಿತು, ಎಲ್ಲಾ ಬರುತ್ತದೆ. ಅತ್ತೆಗೆ ಕಿವಿ ನಿಜವಾಗಿಯೂ ಮಂದವೋ ಬೇಕಂತಲೇ ಹಾಗೆ ಮಾಡುತ್ತಾರೋ, ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

“ರೆಕಾರ್ಡ್ ಮಾಡ್ಕೊಳ್ಳಲಾ?” ಅಂತ ಅವನನ್ನು ಕೇಳಿಯೇ ಫೋನನ್ನು ಇಬ್ಬರ ನಡುವೆ ಇಟ್ಟೆ. ಮೊದಲು ಎರಡು ನಿಮಿಷ ನ್ಯೂಸ್ ಓದುವವರ ಥರ ಮಾತಾಡಿದ. ಆಮೇಲೆ ಫೋನ್ ಇರುವುದೇ ಮರೆಯಿತು. ಇಪ್ಪತ್ತೆರಡು ನಿಮಿಷ ಆಯಿತು.

ಗುರುವಾರ ಮಧ್ಯಾಹ್ನ ಪ್ರೆಸ್ಸಿನಲ್ಲಿ ಊಟದ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತೆ. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನಲ್ಲಿ ಅವನು ಹೇಳಿದ್ದನ್ನು ಹೇಳಿದ ಹಾಗೇ ಹೊಡೆದೆ. ಒಂದಕ್ಷರ ತಿದ್ದಲಿಲ್ಲ. “ಹೋದ್ವಿ” ಅಂದರೆ “ಹೋದ್ವಿ”, “ಲೇ” ಅಂದರೆ “ಲೇ”. ಅಕ್ಷರ ದೊಡ್ಡದು ಮಾಡಿ, ಸಾಲಿನ ಮಧ್ಯೆ ಜಾಸ್ತಿ ಜಾಗ ಬಿಟ್ಟು, ಪಕ್ಕದಲ್ಲಿ ಅಗಲ ಮಾರ್ಜಿನ್ ಇಟ್ಟು ಪ್ರಿಂಟ್ ತೆಗೆದೆ. ಆರು ಹಾಳೆ ಬಂತು. ಮಾಲೀಕರು ನೋಡಿ, “ಯಾರ ಆತ್ಮಕಥೆ ಇದು?” ಅಂದರು.

ಮನೆಗೆ ತಂದು ಹಾಳೆಗಳ ಜೊತೆ ಕೆಂಪು ಪೆನ್ನು ಕೊಟ್ಟೆ. “ಇದು ಪ್ರೂಫ್. ನೀನೇ ಬರಹಗಾರ. ನಿನಗೆ ಹೇಗೆ ಬೇಕೋ ಹಾಗೆ ತಿದ್ದಿಕೊಡು, ನಾನು ಮತ್ತೆ ಟೈಪ್ ಮಾಡ್ತೀನಿ.”

ಮೊದಲನೇ ಹಾಳೆ ಓದಿ ಅವನಿಗೆ ಸಿಟ್ಟೇ ಬಂತು. “ನಾನು ಹಿಂಗೆ ಮಾತಾಡ್ತೀನಾ? ಬರೀ ಆಮೇಲೆ ಆಮೇಲೆ ಅಂತಿದೆ!” ಕೂತು ಎಣಿಸಿದ. ಆರು ಹಾಳೆಯಲ್ಲಿ ನಲವತ್ತಮೂರು “ಆಮೇಲೆ”. ಇದನ್ನೇ ನಾನು ಹೇಳಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ. ಪ್ರಿಂಟ್ ಆದ ಕಾಗದ ಹೇಳಿದ್ದಕ್ಕೆ ಕೋಪ ಕಾಗದದ ಮೇಲೆ ಹೋಯಿತು.

ಪ್ರೂಫಿನ ಗುರುತುಗಳನ್ನು ಹೇಳಿಕೊಟ್ಟೆ. ಬೇಡದ ಪದಕ್ಕೆ ಅಡ್ಡಗೆರೆ ಎಳೆದು ಕೊನೆಯಲ್ಲಿ ಸುರುಳಿ. ಜಾಗ ಬದಲಾಯಿಸಬೇಕಾದ ಸಾಲಿಗೆ ಸುತ್ತು ಹಾಕಿ ಬಾಣ. ಬಿಟ್ಟುಹೋದದ್ದನ್ನು ಸೇರಿಸಲು ಹಂಸಪಾದ. ಆ ಹೆಸರು ಅವನಿಗೆ ಬಹಳ ಹಿಡಿಸಿತು. “ಹಂಸದ ಕಾಲು!” ಅಂತ ಮೊದಲ ಹಾಳೆಯ ಮೇಲೆ ಬೇಕಾದ ಕಡೆ ಬೇಡದ ಕಡೆ ಹದಿನೈದು ಹಂಸಗಳನ್ನು ನಡೆಸಿದ. ಇರಲಿ ಅಂತ ಸುಮ್ಮನಿದ್ದೆ.

“ಆಮೇಲೆ”ಗಳನ್ನು ತೆಗೆಯುವುದು ಹೇಗೆ ಅನ್ನುವುದು ಮುಂದಿನ ಪ್ರಶ್ನೆ. ಬರೀ ಹೊಡೆದು ಹಾಕಿದರೆ ವಾಕ್ಯಗಳು ತುಂಡು ತುಂಡಾಗಿ ಬೀಳುತ್ತವೆ. ಪ್ರಿಂಟಿನಲ್ಲಿ ಹೀಗಿತ್ತು: “ಆಮೇಲೆ ಶೂ ಬಿಚ್ದೆ. ಆಮೇಲೆ ಕೈಲಿ ಹಿಡ್ಕೊಂಡೆ. ಆಮೇಲೆ ನಡ್ದೆ. ಆಮೇಲೆ ಬಂಡೆ ಸುಡ್ತಿತ್ತು. ಆಮೇಲೆ ಕುಣ್ದೆ.” ಅಜ್ಜಿ ಅಡುಗೆ ಹೇಳುವಾಗ ಹೇಗೆ ಹೇಳ್ತಾರೆ, ನೆನಪು ಮಾಡಿಕೋ ಅಂದೆ. ಬೇಳೆ ತೊಳೆದು, ಬೇಯಿಸಿ, ಒಗ್ಗರಣೆ ಹಾಕಿ ಇಳಿಸೋದು. ನಮ್ಮ ಮಾತಿಗೆ ಈ ಅನುಕೂಲ ಇದೆಯಲ್ಲ, ಕೆಲಸಗಳನ್ನು ಹೂವಿನ ಹಾಗೆ ಒಂದಕ್ಕೊಂದು ಪೋಣಿಸಿಕೊಂಡು ಹೋಗಿ ಕೊನೆಯಲ್ಲಿ ಒಂದು ಗಂಟು ಹಾಕಿದರೆ ಆಯಿತು. ಅವನಿಗೆ ತಕ್ಷಣ ಹೊಳೆಯಿತು. ಬರೆದ:

“ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಡೆದೆ. ಬಂಡೆ ಸುಡುತ್ತಿತ್ತು. ಕುಣಿದೆ.”

ನನ್ನ ಕೈ ಸುಮ್ಮನಿರಬೇಕಲ್ಲ. ಕೊನೆಯ ಎರಡನ್ನೂ ಸೇರಿಸು, “ಬಂಡೆ ಸುಡುತ್ತಿದ್ದುದರಿಂದ ನಾನು ಕುಣಿದೆನು” ಅಂತ ಮಾಡು ಅಂದೆ. ಅವನು ಎರಡನ್ನೂ ಜೋರಾಗಿ ಓದಿ ನೋಡಿದ.

“ಬೇಡ. ಹಂಗೆ ಬರೆದ್ರೆ ಕುಣಿಯೋದು ಲೇಟಾಗುತ್ತೆ.”

ಹದಿಮೂರು ವರ್ಷ ಕನ್ನಡ ಟೈಪ್ ಮಾಡಿದವಳಿಗೆ ಈ ಮಾತು ಹೊಳೆದಿರಲಿಲ್ಲ.

ಶುಕ್ರವಾರ ಎರಡನೇ ಪ್ರೂಫ್. ಬಸ್ಸಿನ ದಾರಿ ಈಗ ಒಂದು ಪ್ಯಾರಾ ಆಗಿತ್ತು. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರು. ಆನಗೋಡು, ಭರಮಸಾಗರ ದಾಟಿ ದುರ್ಗ ಹತ್ತಿರ ಬಂದಂತೆ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಇವನೂ ಪಕ್ಕದವನೂ ಎಣಿಸಿದ್ದಾರೆ. ತಿರುಗದೆ ನಿಂತಿರುವುದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಜಗಳವಾಗಿ, ಮಾತು ಬಿಟ್ಟು, ಕೋಟೆಯ ಬಾಗಿಲಿಗೆ ಬರುವ ಹೊತ್ತಿಗೆ ರಾಜಿಯಾಗಿದ್ದಾರೆ. “ಬಸ್ಸಿನಲ್ಲಿ ಹೋದೆವು” ಅನ್ನುವ ಎರಡು ಪದದ ಒಳಗೆ ಇದೆಲ್ಲ ಮಡಚಿಕೊಂಡಿತ್ತು.

ಆ ದಿನ ಇಬ್ಬರೂ ಜಾಸ್ತಿ ಹೊತ್ತು ಕೂತದ್ದು ಓಬವ್ವನ ಹತ್ತಿರ. “ಓಬವ್ವ ಒನಕೆಯಿಂದ ಸಾವಿರಾರು ಸೈನಿಕರನ್ನು ಕೊಂದಳು” ಅಂತಿತ್ತು.

“ನೀನು ಎಣಿಸಿದೆಯಾ?”

“ನಾನೆಲ್ಲಿ ಎಣಿಸ್ಲಿ? ಗೈಡ್ ಅಂಕಲ್ ಏನೋ ಹೇಳಿದ್ರು. ನೂರು ಅಂತ ನನ್ನ ಫ್ರೆಂಡು ಅಂದ.”

ನೋಡಿದ್ದು ಬೇರೆ, ಕೇಳಿದ್ದು ಬೇರೆ ಅಂತ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅತ್ತೆ ಹೂ ಕಟ್ಟುತ್ತಾ ತಮ್ಮಷ್ಟಕ್ಕೆ ಕಥೆ ಶುರು ಮಾಡಿದರು. “ಗಂಡ ಕಾವಲಿದ್ನಂತೆ, ಉಣ್ಣಾಕೆ ಮನೆಗೆ ಬಂದ್ನಂತೆ, ಈಕೆ ನೀರು ತರಾಕೆ ಹೋದ್ಲಂತೆ, ನೋಡಿದ್ರೆ ಹೈದರಾಲಿ ಕಡೇರು ಕಿಂಡ್ಯಾಗೆ ಒಬ್ಬೊಬ್ರೇ ನುಸೀತಿದ್ರಂತೆ...” ಉತ್ತರ ಅಲ್ಲೇ ಇತ್ತು. ಅಂತೆ. ಎರಡಕ್ಷರ. ನೀನು ಕಣ್ಣಾರೆ ಕಂಡಿದ್ದಕ್ಕೆ “ಇದೆ”, “ಇತ್ತು”. ಇನ್ನೊಬ್ಬರು ಹೇಳಿದ್ದಕ್ಕೆ “ಅಂತೆ”. ನಿನ್ನ ಊಹೆಗೆ “ಇರಬೇಕು”. ಇದನ್ನು ಅವನಿಗೆ ಯಾರೂ ಕಲಿಸಬೇಕಿಲ್ಲ, ಬಾಯಲ್ಲಿ ಮೂರು ವರ್ಷದವನಿದ್ದಾಗಿನಿಂದಲೇ ಇದೆ. ಬರೆಯುವಾಗ ಮಾತ್ರ ಎಲ್ಲವನ್ನೂ ಪಾಠಪುಸ್ತಕದ ಹಾಗೆ ಖಡಾಖಂಡಿತವಾಗಿ ಬರೆಯುತ್ತಾನೆ. ನೀಲಿ ಸ್ಕೆಚ್ ಪೆನ್ನಿನಲ್ಲಿ ನೋಡಿದ್ದಕ್ಕೆ, ಹಸಿರಿನಲ್ಲಿ ಕೇಳಿದ್ದಕ್ಕೆ ಗೆರೆ ಎಳೆದ. ಹಾಳೆ ಪೂರ್ತಿ ಹಸಿರಾಗಿದ್ದ ಕಡೆ ತಾನೇ “ಇಲ್ಲಿ ನಾನು ಏನೂ ನೋಡೇ ಇಲ್ಲ” ಅಂದ.

ಹೀಗೆ ಕೆದಕುತ್ತಿದ್ದಾಗ ಇನ್ನೊಂದು ಹೊರಬಂತು. ಓಬವ್ವ ಗೆದ್ದಳು, ಅಂದಮೇಲೆ ಕೋಟೆ ಯಾವತ್ತೂ ಸೋತಿಲ್ಲ ಅಂತ ಇವನು ತಿಳಿದಿದ್ದ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕ ಸೆರೆಯಾದ ಅಂತ ಹೇಳಿದಾಗ ಮುಖ ಸಣ್ಣಗಾಯಿತು.

“ಹಂಗಾದ್ರೆ ಓಬವ್ವ ಹೊಡೆದಿದ್ದು ವೇಸ್ಟಾ?”

ಏನು ಹೇಳಬೇಕು? ಆ ದಿನ ಉಳಿಸಿದಳಲ್ಲ ಅಂದೆ. ಅವನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಬರೆದದ್ದು ಇಷ್ಟು: “ಓಬವ್ವ ಆ ದಿನ ಕೋಟೆಯನ್ನು ಉಳಿಸಿದಳಂತೆ. ಆದರೆ 1779ರಲ್ಲಿ ಹೈದರಾಲಿ ಕೋಟೆ ಗೆದ್ದನು. ನನಗೆ ಇದು ಮನೆಗೆ ಬಂದ ಮೇಲೆ ಗೊತ್ತಾಯಿತು. ಬೇಜಾರಾಯಿತು.”

ಮದ್ದು ಬೀಸುವ ಕಲ್ಲಿನ ಕಥೆ ಇನ್ನೂ ಮಜಾ. ಕೋಟೆಯೊಳಗೆ ಒಂದು ತಗ್ಗಿನಲ್ಲಿ ನಾಲ್ಕು ದೊಡ್ಡ ದುಂಡನೆ ಬೀಸುವ ಕಲ್ಲುಗಳಿವೆ. ಪಿರಂಗಿಗೆ, ಬಂದೂಕಿಗೆ ಮದ್ದು ಅಲ್ಲಿ ತಯಾರಾಗುತ್ತಿತ್ತು. ಇವನು ಮದ್ದು ಅಂದರೆ ಔಷಧಿ ಅಂದುಕೊಂಡಿದ್ದಾನೆ! “ಅಷ್ಟು ದೊಡ್ಡ ಕಲ್ಲಿನಲ್ಲಿ ಬೀಸುವಷ್ಟು ಜನರಿಗೆ ಕಾಯಿಲೆ ಬಂದಿತ್ತು” ಅಂತ ಹೇಳಿದ್ದ ರೆಕಾರ್ಡಿಂಗಿನಲ್ಲಿ. ಇದನ್ನು ನೇರವಾಗಿ ತಿದ್ದಿಬಿಡಲು ಮನಸ್ಸು ಬರಲಿಲ್ಲ. ಮೊದಲು ಏನು ತಿಳಿದಿದ್ದೆ, ಆಮೇಲೆ ಏನು ಗೊತ್ತಾಯಿತು, ಎರಡನ್ನೂ ಬರಿ ಅಂದೆ. ಮಗು ತಪ್ಪು ತಿಳಿದದ್ದು ನಾಚಿಕೆಯ ವಿಷಯ ಅಂತ ನಾವೇ ಕಲಿಸಿಬಿಡುತ್ತೇವೆ. ಓದುವವರಿಗೆ ಅದೇ ರುಚಿ.

ಕಾಗುಣಿತವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಇದು ನನ್ನ ಕಸುಬಿಗೆ ವಿರುದ್ಧ. ತಪ್ಪು ಕಂಡರೆ ಕಣ್ಣಿಗೆ ಖಾರ ಬಿದ್ದ ಹಾಗಾಗುತ್ತದೆ ನನಗೆ. ಆದರೆ ಮೊದಲೇ ಒತ್ತು, ದೀರ್ಘ ಅಂತ ಹಿಡಿದರೆ ಹುಡುಗರು ಗೊತ್ತಿರುವ ಪದಗಳನ್ನೇ ಬರೆಯುತ್ತಾರೆ. “ಚೆನ್ನಾಗಿತ್ತು” ಯಾಕೆ ಅಷ್ಟು ಸಲ ಬರುತ್ತದೆ ಅಂದರೆ ಅದರ ಸ್ಪೆಲಿಂಗ್ ಎಲ್ಲರಿಗೂ ಬರುತ್ತದೆ. ಮಾರ್ಜಿನ್ನಿನಲ್ಲಿ ಕೈಯಿಂದ ಸೇರಿಸಿದ ಒಂದು ಕಡೆ ಇವನು ಕೋಟೆಯೊಳಗಿನ “ತುಪ್ಪದ ಕೊಳ”ವನ್ನು “ತುಪ್ಪದ ಕೊಲೆ” ಅಂತ ಬರೆದಿದ್ದ. “ತುಪ್ಪವನ್ನು ಯಾರು ಕೊಂದರು?” ಅಂತ ಕೇಳಿದೆ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನೆಲದ ಮೇಲೆ ಬಿದ್ದು ನಕ್ಕ. ಆವತ್ತಿನಿಂದ ಲ-ಳ ತಪ್ಪಿದಾಗಲೆಲ್ಲ ನಮ್ಮ ಮನೆಯಲ್ಲಿ ಅದಕ್ಕೆ “ಕೊಲೆ ಕೇಸು” ಅಂತಲೇ ಹೆಸರು.

ಚಂದ್ರವಳ್ಳಿಯಲ್ಲಿ ಮಾತ್ರ ನಾನು ಸೋತೆ. ಅಲ್ಲಿ ಮಯೂರಶರ್ಮನ ಶಾಸನ ಇದೆ, ಅಗೆದಾಗ ರೋಮ್ ಸಾಮ್ರಾಜ್ಯದ ನಾಣ್ಯಗಳು ಸಿಕ್ಕಿವೆ, ಎಷ್ಟು ಹಳೇ ಜಾಗ ಗೊತ್ತಾ, ಒಂದು ಪ್ಯಾರಾ ಸೇರಿಸು ಅಂದೆ. “ನಾನು ನೋಡಿಲ್ಲ. ನನಗೆ ನಿದ್ದೆ ಬರ್ತಿತ್ತು. ಗುಹೆ ಕತ್ತಲೆ ಇತ್ತು ಅಷ್ಟೇ” ಅಂದ. ನೀಲಿ-ಹಸಿರು ಕಲಿಸಿದವಳು ನಾನೇ. ಒಂದೇ ಸಾಲು ಉಳಿಯಿತು.

ಇನ್ನು ಕಿಂಡಿ. ಶನಿವಾರ ಸಂಜೆ ಮೂರನೇ ಪ್ರೂಫಿನಲ್ಲೂ ಅದು ಸಪ್ಪೆಯಾಗಿಯೇ ಇತ್ತು. “ಕಿಂಡಿಯಲ್ಲಿ ನುಸುಳಿದೆ, ಶೂ ಬಿತ್ತು, ಕೊಟ್ಟರು.” ಇಲ್ಲಿ ಸ್ವಲ್ಪ ನಿಲ್ಲಬೇಕಲ್ಲ ಅಂತ ನನಗೆ. ಹೇಗಿತ್ತು ಅಂತ ಕೇಳಿದರೆ “ಚೆನ್ನಾಗಿತ್ತು” ಅನ್ನುತ್ತಾನೆ. ಸುಮ್ನೆ ಒಂದೇ ಒಂದು ಕೇಳಿದೆ. “ಒಳಗಿದ್ದಾಗ ನಿನ್ನ ಕೈ ಎಲ್ಲಿತ್ತು?”

ಅವನು ಯೋಚಿಸಿದ. ಕೈ ಹೀಗೆ ಹಾಗೆ ಮಾಡಿದ. ಸರಿ ಬರಲಿಲ್ಲ. ಎದ್ದು ಹೋಗಿ ಅಜ್ಜಿಯ ಮಂಚದ ಕೆಳಗೆ ನುಗ್ಗಿದ. ಅಲ್ಲಿ ಟ್ರಂಕು, ಅಕ್ಕಿ ಡಬ್ಬಿ, ಹಳೇ ಚಾಪೆ. ಒಳಗಿನಿಂದ ದನಿ ಬಂತು. “ಒಂದು ಕೈ ಮುಂದೆ ಇತ್ತು. ಕಲ್ಲು ಹಿಡಿದಿತ್ತು. ಇನ್ನೊಂದು ಕೈಲಿ ಟೋಪಿ. ಅಮ್ಮ, ಬರ್ಕೋ, ಬರ್ಕೋ!” ನಾನು ನೆಲದ ಮೇಲೆ ಬಗ್ಗಿ ಕೂತು ಬರೆದುಕೊಂಡೆ. ಅತ್ತೆ ಮಂಚದ ಮೇಲೆ ಕಾಲು ಎತ್ತಿಕೊಂಡು, “ನನ್ನ ಮಂಚಾನೇ ದುರ್ಗ ಮಾಡಿದ್ರಲ್ಲ” ಅಂತ ಗೊಣಗಿದರು. ಆಚೆ ಬಂದಾಗ ಅವನ ತಲೆ ತುಂಬಾ ಧೂಳು. ತಾನೇ ಕೂತು ಬರೆದ:

“ಕಿಂಡಿ ಒಳಗೆ ತಣ್ಣಗಿತ್ತು. ಹೊರಗೆ ಬಿಸಿಲು, ಒಳಗೆ ಫ್ರಿಜ್ಜು. ಕಲ್ಲು ನಮ್ಮ ಅಜ್ಜಿಯ ಒರಳಿನ ಥರ ನುಣ್ಣಗಿತ್ತು. ತುಂಬಾ ಜನ ಕೈ ಇಟ್ಟು ಹಾಗಾಗಿರಬೇಕು. ನನ್ನ ಮುಂದೆ ಒಬ್ಬನ ಕಾಲು ಮಾತ್ರ ಕಾಣುತ್ತಿತ್ತು. ಆಗ ಶೂ ಜಾರಿತು. ತಿರುಗಲು ಆಗಲಿಲ್ಲ. ಶೂ ಹೋಯಿತು ಎಂದು ಕೂಗಿದೆ. ಹಿಂದಿನವನು ಅವನ ಹಿಂದಿನವನಿಗೆ ಹೇಳಿದ. ಸೈನಿಕರಿಗೂ ಹೀಗೆಯೇ ತಿರುಗಲು ಆಗಿರಲಿಕ್ಕಿಲ್ಲ. ಅದಕ್ಕೇ ಓಬವ್ವನಿಗೆ ಸುಲಭವಾಗಿರಬೇಕು.”

ಕೊನೆಯ ಎರಡು ಸಾಲು ಓದಿ ನಾನು ಪೆನ್ನು ಕೆಳಗಿಟ್ಟೆ. ಇದನ್ನು ಗೈಡ್ ಹೇಳಿರಲಿಲ್ಲ, ನಾನು ಹೇಳಿರಲಿಲ್ಲ. ಮಂಚದ ಕೆಳಗೆ ಸಿಕ್ಕಿದ್ದು.

ಭಾನುವಾರ ಅವನೇ ನೋಟ್‌ಬುಕ್ಕಿಗೆ ಫೇರ್ ಕಾಪಿ ಮಾಡಿದ. ಮೂರೂವರೆ ಪುಟ. “ಹೋದ್ವಿ” ಎಲ್ಲ “ಹೋದೆವು” ಆಯಿತು. “ಲೇ, ನಿಂದು ಮೊಸಳೆ ಶೂ” ಅಂತ ಸ್ನೇಹಿತ ಅಂದದ್ದನ್ನು ಮಾತ್ರ ಬದಲಾಯಿಸಲು ಒಪ್ಪಲಿಲ್ಲ. ಅವನು ಹಾಗೇ ಅಂದಿದ್ದು ಅಂದ. ಮರೆಯಲಾಗದ ಪ್ರವಾಸ ಅನ್ನುವ ಸಾಲನ್ನು ಸೇರಿಸಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿ, ಮಿಸ್ ಬೈಯಬಹುದು ಅಂತ ಸೇರಿಸಿದ. ನಾನು ಏನೂ ಹೇಳಲಿಲ್ಲ.

ನೋಟ್‌ಬುಕ್ ವಾಪಸ್ ಬರಲು ಮೂರು ವಾರ ಆಯಿತು. ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವನನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದೆ. ನಮ್ಮ ಊರಿನಲ್ಲಿ ಸಂಜೆಯಾದರೆ ಮಂಡಕ್ಕಿ ಮಿರ್ಚಿ ಇಲ್ಲದ ಗಲ್ಲಿ ಇಲ್ಲ. ಆದರೆ ಮಂಡಕ್ಕಿ ಹೇಗೆ ಆಗುತ್ತೆ ಅಂತ ಇವನು ನೋಡಿರಲಿಲ್ಲ. ನಮ್ಮ ಪ್ರೆಸ್ಸಿಗೆ ಬಿಲ್ ಬುಕ್ ಮಾಡಿಸುವವರ ಭಟ್ಟಿ. ಬನ್ನಿ ಅಕ್ಕ ಅಂದರು. ನೋಟ್‌ಬುಕ್ ಒಯ್ಯಲಿಲ್ಲ. ಒಯ್ದರೆ ಹುಡುಗರು ಅಲ್ಲೇ “ನಾವು ಭಟ್ಟಿಗೆ ಹೋದೆವು” ಅಂತ ಶುರು ಮಾಡುತ್ತಾರೆ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಪೇಪರ್ ಚೂರುಗಳನ್ನು ಜೇಬಿಗೆ ಹಾಕಿ, ಒಂದು ಚೂರಿಗೆ ಒಂದೇ ಪದ ಬರಿ ಅಂದೆ.

ಉಪ್ಪು ನೀರು ಹಿಡಿಸಿದ ಅಕ್ಕಿ, ದೊಡ್ಡ ಬಾಣಲೆಯಲ್ಲಿ ಕಾದ ಮರಳು, ಕೆಳಗೆ ಧಗಧಗ ಉರಿ. ಅಕ್ಕಿ ಬಿದ್ದ ಕೂಡಲೇ ಅರಳಿ ಮೇಲೇಳುತ್ತದೆ. ಜರಡಿಗೆ ಹಾಕಿ ಆಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಬಾಣಲೆಯ ಮುಂದೆ ನಿಂತವರ ಮುಖ, ಕೈ ಎಲ್ಲ ಬೆವರಿನಲ್ಲಿ ಹೊಳೆಯುತ್ತಿತ್ತು. ಹತ್ತು ನಿಮಿಷ ನಿಂತದ್ದಕ್ಕೇ ನಮಗೆ ಸಾಕಾಯಿತು. ಅವನ ಚೂರುಗಳಲ್ಲಿ ಇದ್ದದ್ದು: ಬಿಸಿ, ಚಟಪಟ, ಉಪ್ಪು, ಕೆಮ್ಮು, ಬನಿಯನ್ನು, ಅಣ್ಣನ ಕೈ. ಮನೆಗೆ ಬಂದು ಚೂರುಗಳನ್ನು ನೆಲದ ಮೇಲೆ ಹಿಂದೆ ಮುಂದೆ ಜೋಡಿಸಿದ. ಬರೆದದ್ದು ಎಂಟೇ ಸಾಲು. ಅದರಲ್ಲಿ ಒಂದು: “ಅಕ್ಕಿ ಮೊದಲು ಸುಮ್ಮನಿರುತ್ತದೆ. ಮರಳು ಮುಟ್ಟಿದ ಮೇಲೆ ಎಲ್ಲಾ ಒಟ್ಟಿಗೆ ಬೈಯುತ್ತವೆ.”

ಈ ಸಲ ರೆಕಾರ್ಡಿಂಗ್ ಮಾಡಿರಲಿಲ್ಲ, ಟೈಪ್ ಮಾಡಿರಲಿಲ್ಲ. ಹಾಗಂತ ಎಲ್ಲಾ ಸರಿಹೋಯಿತು ಅಂತಲ್ಲ. ಮರುದಿನ “ನನ್ನ ನೆಚ್ಚಿನ ಹಬ್ಬ” ಅಂತ ಹೋಮ್‌ವರ್ಕ್ ಬಂತು. “ದೀಪಾವಳಿಯು ಬೆಳಕಿನ ಹಬ್ಬ. ಇದನ್ನು ಎಲ್ಲರೂ ಸಡಗರದಿಂದ ಆಚರಿಸುತ್ತಾರೆ” ಅಂತ ಐದು ನಿಮಿಷದಲ್ಲಿ ಬರೆದು ಆಡಲು ಓಡಿದ. ಹಳೇ ಫೈಲು ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ನಾನೂ ಬೆಳಿಗ್ಗೆ ಎದ್ದು ಹೋಗಿ “ಸಕುಟುಂಬ ಪರಿವಾರ”ವನ್ನೇ ಹೊಡೆಯುವವಳು.

ನೋಟ್‌ಬುಕ್ ಬಂದ ದಿನ ಗೇಟಿನಿಂದಲೇ ಕೂಗುತ್ತಾ ಬಂದ. ಹತ್ತಕ್ಕೆ ಏಳು. “ಲೇ”ಗೆ ಕೆಂಪು ಸುತ್ತು, ಪಕ್ಕದಲ್ಲಿ “ಆಡುಮಾತು ಬೇಡ”. “ಫ್ರಿಜ್ಜು” ಹೊಡೆದು ಹಾಕಿದ್ದರು. ಗೈಡ್ ಪುಸ್ತಕದಿಂದ ಇಳಿಸಿದ ಪಕ್ಕದ ಹುಡುಗನಿಗೆ ಒಂಬತ್ತು ಬಂದಿತ್ತಂತೆ. ನನಗೆ ಸ್ವಲ್ಪ ಉರಿಯಿತು, ಸುಳ್ಳು ಹೇಳಲ್ಲ. ಅವನಿಗೆ ಅದ್ಯಾವುದೂ ಲೆಕ್ಕಕ್ಕಿರಲಿಲ್ಲ. ಶೂ ಕೈಯಿಂದ ಕೈಗೆ ಬಂದ ಸಾಲಿನ ಪಕ್ಕ ಮಿಸ್ ಸಣ್ಣದಾಗಿ ಒಂದು ಪ್ರಶ್ನೆ ಬರೆದಿದ್ದರು. “ಆಮೇಲೆ ಶೂ ಏನಾಯಿತು?”

“ಮಿಸ್ಸೇ ಆಮೇಲೆ ಅಂತ ಬರ್ದಿದ್ದಾರೆ ನೋಡು!” ಅಂತ ಮೊದಲು ನಕ್ಕ. ಆಮೇಲೆ ಬ್ಯಾಗ್ ಕೂಡ ಇಳಿಸದೆ ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಯಾರೂ ಹೇಳದೆ, ನಿಂತೇ ಬರೆದ:

“ಮಿಸ್, ಶೂವನ್ನು ಮಂಡಿಪೇಟೆಯಲ್ಲಿ ಹೊಲಿಸಿದೆವು. 40 ರೂಪಾಯಿ ಆಯಿತು. ಈಗ ಬಾಯಿ ಮುಚ್ಚಿದೆ. ರಿಬ್ಬನ್ ಒಗೆದು ವಾಪಸ್ ಕೊಡಲು ಹೋದೆ. ಅವಳು ಬೇಡ ಎಂದಳು. ಅದು ನನ್ನ ಜಾಮಿಟ್ರಿ ಬಾಕ್ಸಿನಲ್ಲಿದೆ.”